ಸೋಮವಾರದ ನೀಲಿ

ಮೂತ್ರ ಕಾಯಿಸಿ ಹೊಟ್ಟೆ ಹೊರೆದವನು ನಾನು. ಹೀಗೆ ಹೇಳಿದರೆ ನನ್ನ ಹೆಂಡತಿಗೆ ಸಿಟ್ಟು ಬರುತ್ತದೆ, ಆದರೆ ಎಂಬತ್ತರ ದಶಕದ ಶುರುವಿನಲ್ಲಿ ಕೊಟ್ಟೂರಿನ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಅಂದರೆ ಮುಕ್ಕಾಲು ಪಾಲು ಅದೇ ಕೆಲಸ. ಒಂದು ಕಿಟಕಿ, ಒಂದು ಕಡಪಾ ಕಲ್ಲಿನ ಕಟ್ಟೆ, ಸ್ಪಿರಿಟ್ ದೀಪ, ಹನ್ನೆರಡು ಗಾಜಿನ ನಳಿಗೆ, ಒಂದು ಹಳೆಯ ಸೂಕ್ಷ್ಮದರ್ಶಕ. ಇಷ್ಟರಲ್ಲಿ ನನ್ನ ರಾಜ್ಯಭಾರ ಮುಗಿಯುತ್ತಿತ್ತು. ರಕ್ತದ ಸಕ್ಕರೆ ಅಳೆಯುವ ಉಪಕರಣ ನಮ್ಮಲ್ಲಿ ಇರಲಿಲ್ಲ, ಅದಕ್ಕೆ ದಾವಣಗೆರೆಗೆ ಹೋಗಬೇಕು. ನಮ್ಮದು ಮೂತ್ರ ನೋಡಿ ರಕ್ತದ ಸುದ್ದಿ ಹೇಳುವ ಪದ್ಧತಿ.

ಪದ್ಧತಿ ಸುಲಭ. ನಳಿಗೆಯಲ್ಲಿ ಐದು ಮಿಲಿಲೀಟರ್ ಬೆನೆಡಿಕ್ಟ್ ದ್ರಾವಣ ಹಾಕಬೇಕು, ಅದು ಮೈಲುತುತ್ತದ ನೀರಿನಂತೆ ನೀಲಿಯಾಗಿರುತ್ತದೆ. ಅದಕ್ಕೆ ಎಂಟು ಹನಿ ಮೂತ್ರ. ದೀಪದ ಮೇಲೆ ಎರಡು ನಿಮಿಷ ಕುದಿಸಿ ಆರಲು ಬಿಡಬೇಕು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ ಇದೆ. ಆಮೇಲೆ ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆ ಕೆಂಪು. ಇಟ್ಟಿಗೆ ಕೆಂಪು ಬಂತೆಂದರೆ ಆ ಮನುಷ್ಯನ ರಕ್ತದಲ್ಲಿ ಸಕ್ಕರೆ ಹಿಡಿತ ಮೀರಿದೆ ಎಂದರ್ಥ.

ಮೂತ್ರ ತರುವ ಬಾಟಲಿಯನ್ನು ಆಸ್ಪತ್ರೆ ಕೊಡುತ್ತಿರಲಿಲ್ಲ. ಜನ ಔಷಧಿ ಒಯ್ಯಲು ಮನೆಯಿಂದಲೇ ಬಾಟಲಿ ತರುತ್ತಿದ್ದರು. ಕಂಪೌಂಡರು ಅದರಲ್ಲಿ ಕೆಂಪು ನೀರೋ ಬಿಳಿ ನೀರೋ ತುಂಬಿ, ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಅಳತೆಗಾಗಿ ಅಂಟಿಸಿ ಕಳಿಸುತ್ತಿದ್ದರು. ಔಷಧಿ ಮುಗಿದ ಮೇಲೆ ಅದೇ ಬಾಟಲಿಯಲ್ಲಿ ಮೂತ್ರ ಬರುತ್ತಿತ್ತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಮೇಷ್ಟ್ರು ತಂದ ಬಾಟಲಿ ಇಟ್ಟಿಗೆ ಕೆಂಪು ತೋರಿಸಿತು. ನಾನು ಓಡಿಹೋಗಿ ಡಾಕ್ಟರಿಗೆ ಹೇಳಿದೆ. ಮೇಷ್ಟ್ರು ಒಂದು ತಿಂಗಳು ಅನ್ನ ಬಿಟ್ಟರು, ಬೆಲ್ಲ ಬಿಟ್ಟರು, ಮಕ್ಕಳನ್ನು ಕರೆಸಿ ಹೊಲ ಹಂಚುವ ಮಾತಾಡಿದರು. ಆಮೇಲೆ ತಿಳಿಯಿತು, ಅದು ಜೇನುತುಪ್ಪದ ಬಾಟಲಿ, ತಳದಲ್ಲಿ ಜೇನು ಉಳಿದಿತ್ತು. ನಮ್ಮ ಡಾಕ್ಟರು ಮೈಸೂರು ಕಡೆಯವರು. ಎಲ್ಲರೆದುರಿಗೆ, "ಸಕ್ಕರೆ ಕಾಯಿಲೆ ಮೇಷ್ಟ್ರಿಗಲ್ಲ ಕಣಯ್ಯ, ಬಾಟಲಿಗೆ" ಎಂದರು. ಅವತ್ತಿನಿಂದ ಕಂಪೌಂಡರು ನನ್ನನ್ನು ಜೇನುತುಪ್ಪ ಎಂದೇ ಕರೆಯುತ್ತಿದ್ದರು.

ನಗುವವರೆದುರು ಎಡವಿದ್ದಕ್ಕೆ ನಾನೊಂದು ನಿಯಮ ಮಾಡಿಕೊಂಡೆ. ಕೆಂಪು ಬಂದರೆ ಮೊದಲು ಬಾಟಲಿಯ ಮೇಲೆ ಅನುಮಾನ, ಆಮೇಲೆ ಮನುಷ್ಯನ ಮೇಲೆ. ನಿಯಮ ಚೆನ್ನಾಗಿಯೇ ಇತ್ತು, ಮೂರು ವರ್ಷ ಅದು ನನ್ನ ಮಾನ ಕಾಪಾಡಿತು.

ನಾಲ್ಕನೆಯ ವರ್ಷದ ಬೇಸಿಗೆಯಲ್ಲಿ ಒಂದು ಗುರುವಾರ ಊರಿನ ಹಿರಿಯ ಟೇಲರು ಬಂದರು. ಅರವತ್ತರ ಆಜೂಬಾಜು. ನನ್ನ ಪ್ಯಾಂಟುಗಳೆಲ್ಲ ಅವರ ಕೈಯಲ್ಲೇ ಹುಟ್ಟಿದವು. ಮಾತು ಕಡಿಮೆ, ಹೊಲಿಗೆ ನೇರ. ಹಿಂದಿನ ವರ್ಷ ದಾವಣಗೆರೆಗೆ ಹೋಗಿ ಅಂಡವಾಯುವಿನ ಆಪರೇಷನ್ ಮಾಡಿಸಿಕೊಂಡು ಬಂದಿದ್ದರು ಎಂದು ಊರಿಗೆಲ್ಲ ಗೊತ್ತಿತ್ತು. ಡಾಕ್ಟರು ಬರೆದ ಚೀಟಿ ನನ್ನ ಕೈಗೆ ಕೊಟ್ಟು ನಿಂತರು.

"ಯಾಕೋ ದಾರ ಪೋಣಸಾಕ ಆಗವಲ್ದ್ರಿ ಸರ. ಸೂಜಿ ಕಣ್ಣು ಮಂಜಮಂಜ ಕಾಣತೈತಿ. ಬಾಯಿ ಒಣಗತೈತಿ. ಗಳಿಗಿಗೊಮ್ಮಿ ಹಿತ್ತಲಕ್ಕ ಓಡಬೇಕು."

ಆಸ್ಪತ್ರೆಯ ಮೂತ್ರಾಲಯಕ್ಕೆ ಬಾಗಿಲಿರಲಿಲ್ಲ, ಎದೆಮಟ್ಟದ ಗೋಡೆ ಅಷ್ಟೇ. ಅಲ್ಲಿಗೆ ಹೋಗಿ ಬನ್ನಿ ಎಂದು ಗಾಜಿನ ಲೋಟ ತೋರಿಸಿದೆ. ಅವರು ಆ ಕಡೆ ನೋಡಿದರು. ಒಳಗೆ ಇಬ್ಬರು ನಿಂತಿದ್ದರು. "ಮನಿ ಇಲ್ಲೇ ಐತ್ರಿ, ಹೋಗಿ ತರ್ತೀನಿ" ಎಂದು ಹೊರಟು, ಅರ್ಧ ಗಂಟೆಯಲ್ಲಿ ಒಂದು ಕಂದು ಬಾಟಲಿ ತಂದು ಕಟ್ಟೆಯ ಮೇಲಿಟ್ಟರು. ಕಾಯಿಸಿದೆ. ನೀಲಿ ಹೋಗಿ ಹಸಿರಾಯಿತು, ಹಳದಿಯಾಯಿತು, ನೋಡನೋಡುತ್ತ ಇಟ್ಟಿಗೆ ಪುಡಿ ಕದಡಿದಂತೆ ಕೆಂಪು.

"ಯಾವ ಬಾಟಲಿರಿ ಇದು?"

"ಟಾನಿಕ್ಕಿಂದ್ರಿ. ಮೊನ್ನಿ ಖಾಲಿ ಆತು."

ನನಗೆ ನಗು ಬಂತು. "ಹಂಗಾದ್ರ ಇದು ನಿಮ್ಮದಲ್ರಿ ಅಣ್ಣಾರ, ಟಾನಿಕ್ಕಿಂದು. ಬೂದಿ ಹಾಕಿ ತಿಕ್ಕಿ, ಬಿಸಿನೀರಾಗ ತೊಳದು, ಇನ್ನೊಮ್ಮಿ ತರ್ರಿ."

"ಸೋಮವಾರ ಬರ್ಲೇನ್ರಿ? ಅವತ್ತು ನಾ ಮಷೀನ್ ತುಳಿಯಂಗಿಲ್ಲ." ನಮ್ಮ ಕಡೆ ಸೋಮವಾರ ಎತ್ತಿಗೆ ನೊಗ ಹೂಡುವುದಿಲ್ಲ. ಅವರು ಮಷೀನಿಗೂ ಅದೇ ರಜೆ ಕೊಟ್ಟಿದ್ದರು. ಬನ್ನಿ ಎಂದೆ. ರಿಜಿಸ್ಟರಿನಲ್ಲಿ ಆ ದಿನದ ಸಾಲಿಗೆ "ಕೆಂಪು, ಬಾಟಲಿ ಕೊಳೆ" ಎಂದು ಬರೆದುಕೊಂಡೆ.

ಸೋಮವಾರ ಹನ್ನೊಂದು ಗಂಟೆಗೆ ಬಂದರು. ಬಾಟಲಿ ಕನ್ನಡಿಯಂತೆ ಹೊಳೆಯುತ್ತಿತ್ತು. ಕುದಿಸಿದೆ, ಆರಿಸಿದೆ. ಅಚ್ಚ ನೀಲಿ. ನನ್ನ ನಿಯಮ ಗೆದ್ದಿತ್ತು. ಖುಷಿಗೆ ಎದುರಿನ ಹೋಟೆಲಿನಿಂದ ಎರಡು ಚಹಾ ತರಿಸಿದೆ. ಅವರು ಮುಟ್ಟಲಿಲ್ಲ. "ಸೋಮವಾರ ಒಪ್ಪತ್ತು ಐತ್ರಿ ಸರ. ಸಂಜಿ ಪೂಜಿ ಆದಮ್ಯಾಲ ಒಂದ ಊಟ." ಎರಡೂ ಚಹಾ ನಾನೇ ಕುಡಿದೆ. ಆ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಡಾಕ್ಟರು ಒಳ್ಳೆಯವರು, ಒಂದು ಸಲಕ್ಕೆ ನಂಬುವವರಲ್ಲ. ಇನ್ನೆರಡು ವಾರ ನೋಡಿ ಎಂದರು. ಟೇಲರು ಮುಂದಿನ ಎರಡು ಸೋಮವಾರವೂ ಬಂದರು. ಎರಡು ಸಲವೂ ನೀಲಿ. ಮೂರು ಸಲ "ಸಕ್ಕರೆ ಇಲ್ಲ" ಎಂದು ಬರೆದು ಸಹಿ ಹಾಕಿದೆ. ಪದೇ ಪದೇ ಮೂತ್ರಕ್ಕೆ ಹೋಗುವುದು ವಯಸ್ಸಿನ ತೊಂದರೆ ಎಂದಾಯಿತು. ಕಣ್ಣು ಮಂಜಾಗುವುದಕ್ಕೆ ಅವರು ಹರಪನಹಳ್ಳಿಗೆ ಹೋಗಿ ಹೊಸ ಕನ್ನಡಕ ಹಾಕಿಸಿಕೊಂಡು ಬಂದರು. ಅದು ಒಂದು ವಾರ ಸರಿ ಇತ್ತು, ಆಮೇಲೆ ಅದೂ ಮಂಜಾಯಿತಂತೆ.

ಆ ದಿನಗಳಲ್ಲಿ ಅವರು ದೊಗಳೆ ಅಂಗಿ ಹಾಕಿಕೊಂಡು, ಮೇಲೊಂದು ಟವೆಲ್ ಹೊದ್ದು ಬರುತ್ತಿದ್ದರು. ಆ ಬಿಸಿಲಿಗೆ ನಾಯಿಯೂ ನೆರಳು ಬಿಟ್ಟು ಏಳುತ್ತಿರಲಿಲ್ಲ. "ಊರಿಗೆಲ್ಲ ಅಳತಿ ತಗೋತೀರಿ, ನಿಮ್ಮ ಅಂಗಿಗೇ ಅಳತಿ ಇಲ್ಲಲ್ರಿ ಅಣ್ಣಾರ" ಎಂದು ತಮಾಷೆ ಮಾಡಿದೆ. ಅವರು ಟವೆಲನ್ನು ಎದೆಯ ಮೇಲೆ ಇನ್ನಷ್ಟು ಎಳೆದುಕೊಂಡು ಹೋದರು. ಈ ಮಾತನ್ನು ನೆನೆದರೆ ಇವತ್ತಿಗೂ ನನ್ನ ಮುಖ ಬಿಸಿಯಾಗುತ್ತದೆ.

ಒಂದು ತಿಂಗಳಾಗಿರಬೇಕು, ಅವರು ಬಲಗಾಲು ಎಳೆಯುತ್ತ ಬಂದರು. ಮಷೀನಿನ ಸೂಜಿ ಮುರಿದು ಕೆಳಗೆ ಬಿದ್ದದ್ದು ಕಂಡಿರಲಿಲ್ಲ. ಬರಿಗಾಲಲ್ಲಿ ಪೆಡಲಿನ ಮೇಲೆ ಕಾಲಿಟ್ಟಾಗ ಹೆಬ್ಬೆರಳಿನ ಬುಡಕ್ಕೆ ಚುಚ್ಚಿತ್ತು. ಎಳ್ಳಿನಷ್ಟು ಗಾಯ. ಕಂಪೌಂಡರು ಕೆಂಪು ಔಷಧಿ ಹಚ್ಚಿ ಕಟ್ಟಿ ಕಳಿಸಿದರು. ಎರಡು ದಿನಕ್ಕೊಮ್ಮೆ ಡ್ರೆಸಿಂಗ್, ದಿನಕ್ಕೆ ಒಂದು ಪೆನಿಸಿಲಿನ್ ಸೂಜಿ. ಹದಿನೈದು ದಿನವಾದರೂ ಗಾಯ ಮಾಗಲಿಲ್ಲ, ಹುಣಸೆಬೀಜದಷ್ಟಾಯಿತು. ಬೆರಳು ಊದಿತು, ಆಮೇಲೆ ತುದಿ ಕಪ್ಪಾಗತೊಡಗಿತು. ಡ್ರೆಸಿಂಗ್ ಕೋಣೆಯ ವಾಸನೆ ನನ್ನ ಲ್ಯಾಬಿನವರೆಗೆ ಬರುತ್ತಿತ್ತು.

ಡಾಕ್ಟರು ನನ್ನನ್ನು ಕರೆದರು. "ಇವರಿಗೆ ಸಕ್ಕರೆ ಗ್ಯಾರಂಟಿ ಇಲ್ವೇನ್ರೀ?"

ನಾನು ರಿಜಿಸ್ಟರು ತಂದು ಬಿಚ್ಚಿ ತೋರಿಸಿದೆ. "ಮೂರು ಸಲ ನೋಡೀನಿ ಸರ್. ಮೂರೂ ನೀಲಿ."

"ಮೊದಲನೇದು ಕೆಂಪು ಅಂತಿದೆ?"

"ಅದು ಟಾನಿಕ್ ಬಾಟಲಿ ಸರ್."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರಿಗೆ ಲ್ಯಾಬಿನ ರಿಜಿಸ್ಟರು ಸಿಕ್ಕಿದರೆ ಕೇಳಬೇಕೆ. ಡಾಕ್ಟರು ನಂಬಿದರು. ಟೇಲರ ಕಡೆ ತಿರುಗಿ, "ಶುಕ್ರವಾರದವರೆಗೆ ನೋಡ್ತೀನಿ. ಕಪ್ಪು ಮೇಲಕ್ಕೆ ಏರಿದರೆ ದಾವಣಗೆರೆಗೆ ಹೋಗಬೇಕಾಗುತ್ತೆ. ಅಲ್ಲಿ ಪಾದ ತೆಗೆಯಬಹುದು" ಎಂದರು. ಅವತ್ತು ಮಂಗಳವಾರ. ಟೇಲರು ತಮ್ಮ ಬಲಗಾಲನ್ನೇ ನೋಡುತ್ತ ಕೂತರು. ಪೆಡಲು ತುಳಿಯುವ ಕಾಲು ಅದು. ಅದು ಹೋದರೆ ಅವರಿಗೆ ಉಳಿಯುವುದು ಕಾಜಾ ಗುಂಡಿ ಕೈಹೊಲಿಗೆ, ಅದಕ್ಕೂ ಕಣ್ಣು ಬೇಕು.

ಅವರ ಹೆಂಡತಿ ಹೊರಗಿನ ನಲ್ಲಿಯ ಹತ್ತಿರ ಬ್ಯಾಂಡೇಜು ಬಟ್ಟೆ ಒಗೆಯುತ್ತಿದ್ದರು. ನಾನು ನಳಿಗೆ ತೊಳೆಯಲು ಹೋದಾಗ, ಬಟ್ಟೆ ಹಿಂಡುತ್ತಲೇ ಕೇಳಿದರು.

"ತಮ್ಮಾ, ಒಂದ ಮಾತು ಕೇಳಿದ್ರ ನಗಬ್ಯಾಡ್ರಿ. ಉಚ್ಚಿಗೆ ಇರುವಿ ಮುಕ್ಕರಿದ್ರ ಅದು ಸಕ್ಕರಿ ರೋಗ ಅಂತಾರಲ್ಲ, ಖರೇ ಏನು?"

"ಖರೇ ಅಕ್ಕಾರ. ಯಾಕ?"

"ನಮ್ಮ ಹಿತ್ತಲದಾಗ ಅವರು ಕುಂದ್ರೋ ಜಾಗದಾಗ ಸಾಲುಗಟ್ಟಿ ಬರತಾವು. ಮೂರು ತಿಂಗಳಿಂದ ನೋಡಾಕತ್ತೀನಿ. ನೀವು ಇಲ್ಲ ಅಂತ ಬರದೀರಿ ಅಂತ ಸುಮ್ಮನಿದ್ದೆ. ಕಲಿತವರ ಮುಂದ ಇರುವಿ ಮಾತು ಏನು ಹೇಳೂದು."

ನನಗೆ ಒಳಗೇ ಒಂದು ಅಳುಕು. ಆದರೂ ಬಿಡಲಿಲ್ಲ. "ದಿನಾಲೂ ಬರತಾವೇನು?"

ಅವರು ಯೋಚಿಸಿದರು. "ಸೋಮವಾರ ಒಂದಿನ ಬರಂಗಿಲ್ಲ ನೋಡ್ರಿ. ಶಿವನ ವಾರ ಅಂತ ಅವಕ್ಕೂ ಗೊತ್ತೈತೋ ಏನೋ."

ನಳಿಗೆಗಳನ್ನು ಅಲ್ಲೇ ಬಿಟ್ಟು ಒಳಗೆ ಬಂದು ರಿಜಿಸ್ಟರು ತೆಗೆದೆ. ತಾರೀಖುಗಳ ಮುಂದೆ ವಾರ ಬರೆಯುವ ಪದ್ಧತಿ ನಮಗಿರಲಿಲ್ಲ. ಗೋಡೆಯ ಕ್ಯಾಲೆಂಡರು ಹಿಡಿದು ಒಂದೊಂದೇ ತಾಳೆ ನೋಡಿದೆ. ಕೆಂಪು ಬಂದದ್ದು ಗುರುವಾರ. ನೀಲಿ, ಸೋಮವಾರ. ನೀಲಿ, ಸೋಮವಾರ. ನೀಲಿ, ಸೋಮವಾರ. ಭಾನುವಾರ ರಾತ್ರಿ ಉಂಡರೆ ಸೋಮವಾರ ಸಂಜೆವರೆಗೆ ನೀರು ಬಿಟ್ಟು ಬೇರೇನೂ ಮುಟ್ಟದ ಮನುಷ್ಯ. ಉಪವಾಸದಲ್ಲಿ ಅವರ ಸಕ್ಕರೆ ಹತೋಟಿಗೆ ಬರುತ್ತಿತ್ತು, ಉಂಡ ದಿನ ಉಕ್ಕುತ್ತಿತ್ತು. ಇರುವೆಗೆ ತಿಳಿದದ್ದು ನನಗೆ ತಿಳಿದಿರಲಿಲ್ಲ. ಒಮ್ಮೆ ಹಗ್ಗವನ್ನು ಹಾವೆಂದು ಕೂಗಿ ನಗೆಪಾಟಲಾದವನು, ಈ ಸಲ ಹಾವನ್ನೇ ಹಗ್ಗವೆಂದು ಬರೆದು ಸಹಿ ಹಾಕಿದ್ದೆ.

ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಹತ್ತು ನಿಮಿಷ ನಾನು ಡಾಕ್ಟರ ಕೋಣೆಗೆ ಹೋಗದೆ ಕೂತಿದ್ದೆ. ಸುಮ್ಮನೆ ಇನ್ನೊಂದು ಮಾದರಿ ತರಿಸಿ, "ಈಗ ಹೊಸದಾಗಿ ಬಂದಿದೆ ಸರ್" ಎಂದು ಬರೆದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಹೊಸದಾಗಿ ಬಂದದ್ದಕ್ಕೂ ಮೂರು ತಿಂಗಳಿಂದ ಇದ್ದದ್ದಕ್ಕೂ ಚಿಕಿತ್ಸೆಯಲ್ಲಿ ವ್ಯತ್ಯಾಸವಿದೆ. ಶುಕ್ರವಾರಕ್ಕೆ ಉಳಿದದ್ದು ಮೂರೇ ದಿನ. ರಿಜಿಸ್ಟರು ಹಿಡಿದುಕೊಂಡೇ ಒಳಗೆ ಹೋಗಿ, ಮೂರು ಸಹಿಯೂ ತಪ್ಪು ಎಂದೆ, ಯಾಕೆ ತಪ್ಪು ಎಂದೂ ಹೇಳಿದೆ. ಕಂಪೌಂಡರು ಅಲ್ಲೇ ಇದ್ದರು, ಆದರೆ ಯಾರೂ ನಗಲಿಲ್ಲ. ಡಾಕ್ಟರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ತಪ್ಪಿನ ಲೆಕ್ಕ ಆಮೇಲೆ. ಅವರು ಊಟ ಮಾಡಿ ಎರಡು ಗಂಟೆಗೆ ಮೂತ್ರ, ರಕ್ತ ಎರಡೂ ಬೇಕು. ಬಾಟಲಿ ನಿಮ್ಮದೇ ಒಯ್ಯಿರಿ."

ಮಾರನೆಯ ದಿನ ಬೆಳಿಗ್ಗೆ, ಅವರು ಏನೂ ತಿನ್ನುವ ಮೊದಲು ಹೋಗಿ ಒಂದು ಸಲ ರಕ್ತ ತೆಗೆದೆ. ಮಧ್ಯಾಹ್ನ ಎರಡು ಜೋಳದ ರೊಟ್ಟಿ, ಅನ್ನ ಸಾರು ಉಂಡ ಎರಡು ಗಂಟೆಗೆ ಮತ್ತೆ ಹೋದೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಗಿರಾಕಿಗಳು ಅಂಗಿ ಹಾಕಿ ನೋಡುವ ಪರದೆಯ ಹಿಂದೆ ಹೋಗಿ ಅವರು ನನ್ನ ಲೋಟದಲ್ಲಿ ಮೂತ್ರ ತಂದರು. ಮಷೀನಿನ ಹಲಗೆಯ ಮೇಲೇ ಸ್ಪಿರಿಟ್ ದೀಪ ಹಚ್ಚಿದೆ. ನಾವಿಬ್ಬರೂ ನೋಡುತ್ತಿದ್ದಂತೆ ನಳಿಗೆ ಇಟ್ಟಿಗೆ ಕೆಂಪಾಯಿತು. ಈ ಸಲ ದೂರಲು ಬಾಟಲಿ ಇರಲಿಲ್ಲ.

ರಕ್ತದ ಎರಡು ಸೀಸೆಗಳಿಗೆ ಸಕ್ಕರೆ ಕರಗಿಹೋಗದಂತೆ ಫ್ಲೋರೈಡ್ ಪುಡಿ ಹಾಕಿ, ಹತ್ತಿಯಲ್ಲಿ ಸುತ್ತಿ, ಹರಪನಹಳ್ಳಿ ಮೇಲೆ ದಾವಣಗೆರೆಗೆ ಹೋಗುವ ಬಸ್ಸಿನ ಕಂಡಕ್ಟರ ಕೈಗೆ ಕೊಡಬೇಕಿತ್ತು. ಹೊರಡುವ ಮೊದಲು ಡಾಕ್ಟರು ಕೇಳಲು ಹೇಳಿದ್ದ ಪ್ರಶ್ನೆಗಳನ್ನು ಕೇಳಿದೆ. ಮನೆತನದಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯೇ? ಇಲ್ಲ. ಬೇರೆ ಯಾವುದಾದರೂ ಮಾತ್ರೆ ತಗೋತೀರಾ?

ಅವರು ಬಾಗಿಲ ಕಡೆ ನೋಡಿದರು. ಹೆಂಡತಿ ಹಿತ್ತಲಲ್ಲಿದ್ದರು. ಮಷೀನಿನ ಕೆಳಗಿನ ಡ್ರಾಯರು ಎಳೆದು, ಬಾಬಿನ್‌ಗಳ ಹಿಂದಿನಿಂದ ಒಂದು ತಗಡಿನ ಡಬ್ಬಿ ತೆಗೆದರು. ಅದರಲ್ಲಿ ಸಣ್ಣ ಬಿಳಿ ಮಾತ್ರೆಗಳು, ನಾಲ್ಕು ಮಡಿಕೆಯಾಗಿ ಮಡಚಿದ ಒಂದು ಡಿಸ್ಚಾರ್ಜ್ ಚೀಟಿ.

"ಅಂಡವಾಯು ಅಲ್ರಿ ಸರ. ಉಚ್ಚಿ ಚೀಲದ ಬುಡಕ ಒಂದು ಗಂಟು ಐತಂತ, ಅದು ಕ್ಯಾನ್ಸರ್ ಅಂದ್ರು. ಅದಕ್ಕ ಎರಡೂ ಬೀಜ ತಗದಾರ. ಮ್ಯಾಲ ಈ ಗುಳಿಗಿ ದಿನಾ ಮೂರು, ಬದುಕಿರೋತನಕ." ತಡೆದು ತಡೆದು ಹೇಳಿದರು. ಆಮೇಲೆ ಎದೆಯ ಮೇಲಿನ ಟವೆಲ್ ಸರಿಸಿದರು. ಅಂಗಿಯ ಒಳಗೆ ಎದೆ ಹೆಣ್ಣುಮಗಳದರಂತೆ ಊದಿತ್ತು. "ಹೋರಿಗೆ ಬೀಜ ಹೊಡದ್ರ ಎತ್ತು ಆಗತೈತಿ, ನೊಗಕ್ಕ ಬರತೈತಿ. ಮನುಷ್ಯಾಗ ಹೊಡದ್ರ ಏನ್ ಆಗತೈತಿ, ನೀವ ನೋಡ್ರಿ. ಆಕಿಗೂ ಅಂಡವಾಯು ಅಂತನ ಹೇಳೀನಿ. ಒಂದು ಕೊಟ್ಟು ಬಂದೀನಿ ಸರ. ಕಾಲು ಒಂದು ಉಳಿಸಿ ಕೊಡ್ರಿ."

ಅಂಗಿಯ ಅಳತೆಯ ಬಗ್ಗೆ ನಾನಾಡಿದ ತಮಾಷೆ ನೆನಪಾಯಿತು. ಡಾಕ್ಟರಿಗೆ ಬಿಟ್ಟು ಬೇರೆ ಯಾರಿಗೂ ಹೇಳುವುದಿಲ್ಲ ಎಂದು ಹೇಳಿ, ಚೀಟಿ ತೆಗೆದುಕೊಂಡು ಹೊರಟೆ.

ಬಸ್ಸು ಮಾರನೆಯ ದಿನ ಉತ್ತರ ತಂದಿತು. ಉಣ್ಣುವ ಮೊದಲು ನೂರಾ ಇಪ್ಪತ್ತನಾಲ್ಕು, ಉಂಡ ಮೇಲೆ ಇನ್ನೂರಾ ತೊಂಬತ್ತು. ಡಾಕ್ಟರು ಆ ಚೀಟಿಯನ್ನೂ ಡಿಸ್ಚಾರ್ಜ್ ಚೀಟಿಯನ್ನೂ ಅಕ್ಕಪಕ್ಕ ಇಟ್ಟು ಓದಿದರು. ಬೀರುವಿನಿಂದ ತಮ್ಮ ಕಾಲೇಜಿನ ದಪ್ಪ ಪುಸ್ತಕ ಇಳಿಸಿ ಹುಡುಕಿದರು. ಆ ಮಾತ್ರೆ ಹೆಣ್ಣಿನ ಹಾರ್ಮೋನು. ಮೂತ್ರಚೀಲದ ಬುಡದ ಈ ಪ್ರಾಸ್ಟೇಟ್ ಗಡ್ಡೆ ಗಂಡು ಹಾರ್ಮೋನನ್ನು ಉಂಡು ಬೆಳೆಯುತ್ತದೆ, ಅದಕ್ಕೆ ಆ ಊಟ ಸಿಗದಂತೆ ಮಾಡುವುದು ಈ ಚಿಕಿತ್ಸೆ. ಅಡ್ಡ ಪರಿಣಾಮಗಳ ಪಟ್ಟಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇತ್ತು, ಕೆಲವರಲ್ಲಿ ರಕ್ತದ ಸಕ್ಕರೆ ಏರಬಹುದು ಎಂದು. ಆ ಸಾಲಿನ ಕೆಳಗೆ ಡಾಕ್ಟರು ಪೆನ್ಸಿಲಿನಿಂದ ಗೆರೆ ಎಳೆದರು.

"ಮಾತ್ರೆ ನಿಲ್ಲಿಸಿದರೆ ಗಡ್ಡೆ ಎದ್ದರೂ ಏಳಬಹುದು. ನಿಲ್ಲಿಸದಿದ್ದರೆ ಸಕ್ಕರೆ ಇಳಿಯೋಲ್ಲ, ಕಾಲು ಮಾಗೋಲ್ಲ" ಎಂದರು. ಇತ್ತ ದರಿ ಅತ್ತ ಪುಲಿ. ಆಪರೇಷನ್ ಮಾಡಿದ ಸರ್ಜನ್ನರಿಗೆ ಕಾಗದ ಬರೆದು ಅದೇ ಕಂಡಕ್ಟರ ಕೈಲಿ ಕೊಟ್ಟು, ಉತ್ತರ ಬರುವವರೆಗೆ ಟೇಲರನ್ನು ನಮ್ಮಲ್ಲೇ ಸೇರಿಸಿಕೊಂಡರು. ಶುಕ್ರವಾರ ಹೆಬ್ಬೆರಳು ತೆಗೆದರು. ಕಪ್ಪು ಅದರಾಚೆ ದಾಟಿರಲಿಲ್ಲ.

ಅಂದಿನಿಂದ ಇನ್ಸುಲಿನ್. ನಮ್ಮಲ್ಲಿ ಫ್ರಿಜ್ ಇರಲಿಲ್ಲ. ಇನ್ಸುಲಿನ್ ಸೀಸೆಯನ್ನು ಹೊಸ ಮಣ್ಣಿನ ಗಡಿಗೆಯಲ್ಲಿ ಹಸಿ ಮರಳಿನ ನಡುವೆ ಇಟ್ಟು, ಬೆಳಿಗ್ಗೆ ಸಂಜೆ ನೀರು ಚಿಮುಕಿಸುವುದು ನನ್ನ ಪಾಲಿಗೆ ಬಂತು. ಗಾಜಿನ ಸಿರಿಂಜ್ ಇಪ್ಪತ್ತು ನಿಮಿಷ ಕುದಿಸಬೇಕು. ಬಣ್ಣ ನೋಡಿ ಅಳತೆ: ಕೆಂಪಿಗೆ ಇಷ್ಟು, ಕಿತ್ತಳೆಗೆ ಇಷ್ಟು, ಹಳದಿಗೆ ಇಷ್ಟು, ನೀಲಿಗೆ ಸೂಜಿಯೇ ಇಲ್ಲ. ಬೇರೆ ಕೆಲಸ ಬಿದ್ದುಹೋದರೂ ಸರಿ, ದಿನಕ್ಕೆ ನಾಲ್ಕು ಸಲ ಅವರ ಮೂತ್ರ ನಾನೇ ಕಾಯಿಸಿದೆ. ಮೊದಲ ವಾರ ಉಂಡ ಮೇಲಿನ ನಳಿಗೆಗಳಲ್ಲಿ ಕೆಂಪು ಬಿಟ್ಟು ಬೇರೆ ಬಣ್ಣವನ್ನೇ ಕಾಣಲಿಲ್ಲ.

ಇನ್ಸುಲಿನ್ ತೆಗೆದುಕೊಂಡು ಉಪವಾಸ ಮಾಡಿದರೆ ಸಕ್ಕರೆ ಪಾತಾಳಕ್ಕೆ ಇಳಿದು ಜೀವಕ್ಕೇ ಕುತ್ತು ಬರುತ್ತದೆ. ಸೋಮವಾರದ ಒಪ್ಪತ್ತು ಬಿಡಬೇಕೆಂದು ಡಾಕ್ಟರು ಹೇಳಿದಾಗ ಟೇಲರು ಮುಖ ತಿರುಗಿಸಿದರು. ಇಷ್ಟೆಲ್ಲ ಹೋದ ಮೇಲೆ ಅದೊಂದು ಉಳಿದಿತ್ತು ಎನಿಸುತ್ತದೆ. ಅವರ ಹೆಂಡತಿ ಬಾಗಿಲಲ್ಲೇ ನಿಂತು, "ನಿಮ್ಮ ಒಪ್ಪತ್ತು ಇನ್ನ ನಾ ಹಿಡಿತೀನಿ. ನೀವು ಉಣ್ರಿ" ಎಂದರು. ಅವತ್ತು ಸಂಜೆ ನಲ್ಲಿಯ ಹತ್ತಿರ ನನಗೆ ಮೆಲ್ಲಗೆ ಹೇಳಿದರು: "ಅವರದು ಏನು ಹೋಗೈತಿ ಅಂತ ನಂಗ ಗೊತ್ತಿಲ್ಲ ಅನ್ಕೊಂಡಾರ. ಬಟ್ಟಿ ಒಗಿಯಾಕಿ ನಾನು ತಮ್ಮಾ. ಗೊತ್ತೈತಿ ಅಂತ ಅವರಿಗೆ ಹೇಳಬ್ಯಾಡ್ರಿ." ಗಂಡನ ಗುಟ್ಟು, ಹೆಂಡತಿಯ ಗುಟ್ಟು ಎರಡೂ ನನ್ನಲ್ಲೇ ಉಳಿದವು.

ಸರ್ಜನ್ನರ ಉತ್ತರ ಬರಲು ಹನ್ನೆರಡು ದಿನ ಹಿಡಿಯಿತು. ಆಪರೇಷನ್ ಆಗಿರುವುದರಿಂದ ಮಾತ್ರೆ ಇಲ್ಲದೆಯೂ ಗಡ್ಡೆ ಸುಮ್ಮನಿರಬಹುದು, ಆದರೆ ಖಾತ್ರಿ ಕೊಡಲಾರೆ, ಎದ್ದರೆ ಬಹುತೇಕ ಮೊದಲು ನಡುವಿನ ಎಲುಬು ಹಿಡಿದು ನೋಯುತ್ತದೆ ಎಂದು ಬರೆದಿದ್ದರು. ಡಾಕ್ಟರು ಅದನ್ನು ಒಂದಕ್ಷರ ಬಿಡದೆ ಟೇಲರಿಗೆ ಓದಿ ಹೇಳಿ, ನೀವು ಹೇಗೆ ಹೇಳಿದರೆ ಹಾಗೆ ಎಂದರು. ಟೇಲರು ಬ್ಯಾಂಡೇಜು ಸುತ್ತಿದ ಕಾಲನ್ನು ಮುಂದಕ್ಕೆ ಚಾಚಿ, ಪಾದವನ್ನು ಮೇಲೆ ಕೆಳಗೆ ಆಡಿಸಿ ನೋಡಿದರು, ಪೆಡಲು ತುಳಿದಂತೆ. "ಗುಳಿಗಿ ಬ್ಯಾಡ್ರಿ ಡಾಕ್ಟ್ರೆ. ಇರೋತನಕ ಹೊಲೀತೀನಿ."

ಮಾತ್ರೆ ನಿಂತ ಎರಡನೆಯ ವಾರ ಕಿತ್ತಳೆ ಬಂತು, ಆಮೇಲೆ ಹಳದಿ. ಗಾಯದ ಅಂಚು ಕೆಂಪಗೆ ಜೀವ ಹಿಡಿಯಿತು. ಸಕ್ಕರೆ ಪೂರ್ತಿ ಹೋಗಲಿಲ್ಲ, ಇನ್ಸುಲಿನ್ ಅರ್ಧಕ್ಕೆ ಇಳಿಯಿತು ಅಷ್ಟೇ. ಮಾತ್ರೆಯೊಂದೇ ಅಲ್ಲ, ಗಂಡು ಹಾರ್ಮೋನು ಇಲ್ಲವಾದರೂ ಸಕ್ಕರೆ ಏರುತ್ತದೆ ಎಂದು ಈಗಿನ ಡಾಕ್ಟರು ಹೇಳುತ್ತಾರೆ. ಆಗ ನಮಗಾರಿಗೂ ಅದು ಗೊತ್ತಿರಲಿಲ್ಲ.

ಮನೆಗೆ ಕಳಿಸುವಾಗ ಒಂದು ನಳಿಗೆ, ಒಂದು ಸೀಸೆ ಬೆನೆಡಿಕ್ಟ್ ದ್ರಾವಣ ಕೊಟ್ಟು ಪರೀಕ್ಷೆ ಮಾಡುವುದನ್ನು ಅವರಿಗೇ ಕಲಿಸಿದೆ. ಬಣ್ಣ ಹೋಲಿಸಿ ನೋಡುವ ಪಟ್ಟಿ ಆಸ್ಪತ್ರೆಯಲ್ಲಿ ಒಂದೇ ಇತ್ತು, ಅದನ್ನು ಕೊಡುವ ಹಾಗಿರಲಿಲ್ಲ. ಅವರು ಪಟ್ಟಿಯನ್ನು ಒಮ್ಮೆ ದಿಟ್ಟಿಸಿ ನೋಡಿ, "ಇರಲಿ ಬಿಡ್ರಿ, ದಾರ ಅದಾವು" ಎಂದರು. ಅಂಗಿಯ ಕಾಲರಿಗೆ ಹಾಕುವ ರಟ್ಟಿನ ತುಂಡಿಗೆ ವಾರಕ್ಕೆ ಏಳು ಗೀರು ಹಾಕಿ, ಪ್ರತಿದಿನ ಊಟದ ಎರಡು ಗಂಟೆಗೆ ಕಾಯಿಸಿ, ಬಂದ ಬಣ್ಣಕ್ಕೆ ಸರಿಹೊಂದುವ ದಾರವನ್ನು ಗೀರಿಗೆ ಸುತ್ತಿ, ಶನಿವಾರ ಹೆಂಡತಿಯ ಕೈಲಿ ಕಳಿಸುತ್ತಿದ್ದರು. ನನ್ನ ಪಟ್ಟಿಯಲ್ಲಿ ಐದು ಬಣ್ಣ, ಅವರ ರಟ್ಟಿನಲ್ಲಿ ಒಂಬತ್ತು. ಹಸಿರಿಗೂ ಹಳದಿಗೂ ನಡುವೆ ಎರಡು ಬಣ್ಣ ಇವೆ ಎಂದು ನನಗೆ ತೋರಿಸಿಕೊಟ್ಟವರು ಅವರು. ಕಣ್ಣು ತಿಳಿಯಾಗಿತ್ತು. ಆ ವರ್ಷ ನನಗೆ ಎರಡು ಪ್ಯಾಂಟು ಹೊಲಿದುಕೊಟ್ಟರು. ಟವೆಲ್ ಮಾತ್ರ ಎದೆಯ ಮೇಲೆ ಹಾಗೇ ಇತ್ತು.

ಒಂದೂವರೆ ವರ್ಷ ರಟ್ಟುಗಳು ಬಂದವು. ಹಸಿರು, ಹಳದಿ, ಹಬ್ಬದ ದಿನ ಒಂದು ಕಿತ್ತಳೆ. ಆಮೇಲೆ ಒಂದು ವಾರ ಐದು ನೀಲಿ ಬಂದವು. ಮುಂದಿನ ವಾರದ ರಟ್ಟನ್ನು ಅವರ ಹೆಂಡತಿ ಕಟ್ಟೆಯ ಮೇಲಿಟ್ಟಾಗ, ಏಳಕ್ಕೆ ಏಳೂ ನೀಲಿ. ಹೊಲಿಗೆಯಂತೆ ಒತ್ತಾಗಿ ಸುತ್ತಿದ, ಚಂದದ ನೀಲಿ ದಾರ. ಕಂಪೌಂಡರು ಬಗ್ಗಿ ನೋಡಿ, "ವಾಸಿ ಆತಲ್ಲೋ ಜೇನುತುಪ್ಪ" ಎಂದರು.

ನಾನು ನಗಲಿಲ್ಲ. ಗೋಡೆಯ ಕ್ಯಾಲೆಂಡರಿನ ಕಡೆ ಒಮ್ಮೆ ನೋಡಿದೆ. ವಾರದಲ್ಲಿ ಸೋಮವಾರ ಬರುವುದು ಒಂದೇ.

"ಅಕ್ಕಾರ, ಏನು ಉಣ್ಣಾಕತ್ತಾರ ಅವರು?"

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. "ಎರಡು ಚಮಚ ಗಂಜಿರಿ, ಅದೂ ನಾ ಬೈದ್ರ. ನಡ ನೋವು ಅಂತ ಮಲಗ್ಯಾರ, ಮಷೀನಿಗೆ ಕುಂತು ಹತ್ತು ದಿನಾತು. ನಿಮಗ ಹೇಳಬ್ಯಾಡ ಅಂದಾರ. ನೀಲಿ ನೋಡಿದ್ರ ಸರ್‌ಗೆ ಖುಷಿ ಆಗತೈತಿ, ಒಯ್ದು ಕೊಡು ಅಂದ್ರು." ಸೆರಗನ್ನು ಬೆರಳಿಂದ ಬಿಡಿಸಿ, "ಹಿತ್ತಲದಾಗ ಇರುವಿ ಬರೋದು ನಿಂತೈತಿ ತಮ್ಮಾ" ಎಂದರು.

ರಿಜಿಸ್ಟರು ತೆಗೆದು ಅವರ ಹೆಸರು ಬರೆದೆ. "ಸಕ್ಕರೆ ಇಲ್ಲ" ಎಂದು ಬರೆಯುವ ಜಾಗದಲ್ಲಿ "ಊಟ ಇಲ್ಲ" ಎಂದು ಬರೆದು ಸಹಿ ಹಾಕಿದೆ. ಆಮೇಲೆ ರಟ್ಟನ್ನು ಕೈಯಲ್ಲಿ ಹಿಡಿದು, ಡಾಕ್ಟರನ್ನು ಅವರ ಮನೆಗೆ ಕರೆದುಕೊಂಡು ಹೋಗಲು ಎದ್ದೆ.